ಕ್ಯಾನ್ಸರ್ ರೋಗಿಗಳ ಪುನಶ್ಚೇತನಕ್ಕೆ ಡಿಜಿಟಲ್ ನೆರವು: ತಯಾರಕರು ಅರಿತಿರಬೇಕಾದ ಅಂಶಗಳು

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 14.6 ಲಕ್ಷ ಮಂದಿ ಹೊಸದಾಗಿ ಕ್ಯಾನ್ಸರ್‌ಗೆ ತುತ್ತಾದರು. ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆಗಳು ಮುಗಿದ ಮಾತ್ರಕ್ಕೆ ರೋಗಿಯ ಕಷ್ಟ ಮುಗಿಯುವುದಿಲ್ಲ. ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಕೈ ಊದಿಕೊಳ್ಳುತ್ತದೆ, ಭುಜ ಬಿಗಿಯುತ್ತದೆ. ಬಾಯಿ ಹಾಗೂ ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಿಗೆ ಬಾಯಿ ತೆರೆಯುವುದು, ನುಂಗುವುದು ಕಷ್ಟವಾಗಬಹುದು. ಆಯಾಸವಂತೂ ತಿಂಗಳುಗಟ್ಟಲೆ ಕಾಡುತ್ತದೆ. ಮಗ್ಗದಲ್ಲಿ, ಲೇತ್ ಯಂತ್ರದ ಮುಂದೆ ಅಥವಾ ಅಂಗಡಿಯಲ್ಲಿ ದುಡಿಯುವವರಿಗೆ ಇದು ಜೀವನೋಪಾಯದ ಪ್ರಶ್ನೆ.

ಇಂತಹ ಹಲವು ತೊಂದರೆಗಳನ್ನು ತಜ್ಞರು ಸೂಚಿಸುವ ನಿತ್ಯದ ವ್ಯಾಯಾಮದಿಂದ ತಗ್ಗಿಸಬಹುದು. ಆದರೆ ದೂರದ ಜಿಲ್ಲೆಗಳಿಂದ ಬೆಂಗಳೂರಿಗೆ ಬಂದು ಚಿಕಿತ್ಸೆ ಪಡೆದವರು ಫಿಸಿಯೋಥೆರಪಿಗಾಗಿ ವಾರಕ್ಕೆರಡು ಬಾರಿ ಮರಳಿ ಬರಲಾರರು. ಈ ಕೊರತೆಯನ್ನು ತುಂಬಲು ಡಿಜಿಟಲ್ ತಂತ್ರಜ್ಞಾನ ನೆರವಾಗಬಲ್ಲದು.

ಕಾರ್ಯವಿಧಾನ

ಮೊಬೈಲ್ ದೂರವಾಣಿಯಲ್ಲಿನ ತಂತ್ರಾಂಶವು ರೋಗಿಗೆ ಅಂದಿನ ವ್ಯಾಯಾಮವನ್ನು ತೋರಿಸುತ್ತದೆ. ತೋಳಿಗೆ ಕಟ್ಟಿದ ಸಂವೇದಕವು ಕೈ ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ಅಳೆಯುತ್ತದೆ. ನೋವು, ಊತ, ಆಯಾಸಗಳನ್ನು ರೋಗಿಯೇ ದಾಖಲಿಸುತ್ತಾರೆ. ನಿಗದಿತ ಮಿತಿ ಮೀರಿದಾಗ ಆಸ್ಪತ್ರೆಗೆ ಸೂಚನೆ ತಲುಪುತ್ತದೆ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 766 ರೋಗಿಗಳ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ರೋಗಲಕ್ಷಣಗಳನ್ನು ಗಣಕದ ಮೂಲಕ ವರದಿ ಮಾಡುತ್ತಿದ್ದವರ ಮಧ್ಯಾಂಕ ಬದುಕುಳಿವು 31.2 ತಿಂಗಳಾಗಿದ್ದರೆ, ಎಂದಿನ ಆರೈಕೆ ಪಡೆದವರದು 26 ತಿಂಗಳಾಗಿತ್ತು. ಲಕ್ಷಣಗಳು ಉಲ್ಬಣಿಸಿದಾಗ ದಾದಿಯರಿಗೆ ಸೂಚನೆ ಹೋಗುವ ಏರ್ಪಾಡು ಅಲ್ಲಿತ್ತೆಂಬುದು ಗಮನಾರ್ಹ. ಪುನಶ್ಚೇತನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೂಚನೆಗೆ ಸ್ಪಂದಿಸುವವರಿಲ್ಲದಿದ್ದರೆ ಉಪಕರಣದಿಂದ ಪ್ರಯೋಜನವಿಲ್ಲ.

ಕಾನೂನಿನ ಚೌಕಟ್ಟು

ವೈದ್ಯಕೀಯ ಸಾಧನಗಳ ನಿಯಮಗಳು, 2017 ಈ ಕ್ಷೇತ್ರಕ್ಕೆ ಅನ್ವಯಿಸುತ್ತವೆ. ರೋಗನಿರ್ಣಯ, ಚಿಕಿತ್ಸೆ, ನಿಗಾವಣೆ ಮುಂತಾದ ವೈದ್ಯಕೀಯ ಉದ್ದೇಶದ ತಂತ್ರಾಂಶವೂ 2020ರ ಏಪ್ರಿಲ್ 1ರಿಂದ ಸಾಧನವೆನಿಸಿದೆ. ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ಮತ್ತು ಬಿ ವರ್ಗದ ತಯಾರಿಕೆಯ ಪರವಾನಗಿಗೆ ರಾಜ್ಯದ ಪ್ರಾಧಿಕಾರವನ್ನೂ, ಸಿ ಮತ್ತು ಡಿ ವರ್ಗಕ್ಕೆ ಕೇಂದ್ರ ಪ್ರಾಧಿಕಾರವನ್ನೂ ಸಂಪರ್ಕಿಸಬೇಕು. ತಯಾರಕರು ಘೋಷಿಸುವ ಬಳಕೆಯ ಉದ್ದೇಶವೇ ಇಲ್ಲಿ ಮುಖ್ಯವಾದುದರಿಂದ, ಜಾಹೀರಾತಿನ ಪ್ರತಿ ಮಾತನ್ನೂ ತೂಗಿ ಬಳಸುವುದು ಲೇಸು. ರೋಗಿಯ ಮಾಹಿತಿಯ ರಕ್ಷಣೆಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಇದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ.

ಉದ್ಯಮಿಗಳು ಗಮನಿಸಬೇಕಾದುದು

ಬಂಡವಾಳ ಹೂಡುವ ಮುನ್ನ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದೊಡನೆ ಸಮಾಲೋಚಿಸಿ, ಸೂಚನೆಗಳನ್ನು ಯಾರು, ಎಷ್ಟು ಸಮಯದೊಳಗೆ ಪರಿಶೀಲಿಸುವರೆಂಬುದನ್ನು ಲಿಖಿತವಾಗಿ ನಿಗದಿಪಡಿಸಿಕೊಳ್ಳಬೇಕು. ಓದಲು ಬಾರದವರಿಗಾಗಿ ಕನ್ನಡದಲ್ಲಿ ಧ್ವನಿ ನಿರ್ದೇಶನ ಇರಬೇಕು. ಅಂತರಜಾಲ ಸಂಪರ್ಕ ಕಡಿದಾಗಲೂ ಮಾಹಿತಿ ಉಳಿಯಬೇಕು. ಸಂವೇದಕದ ಪಟ್ಟಿಯು ಊದಿದ ಕೈಯನ್ನು ಬಿಗಿಯದಂತಿರಬೇಕು. ಇಷ್ಟನ್ನು ಪೂರೈಸುವ ಸರಳ ಸಾಧನವು, ಕೆಲಸಕ್ಕೆ ಮರಳಬಯಸುವ ರೋಗಿಗೆ ದುಬಾರಿ ಯಂತ್ರಕ್ಕಿಂತ ಹೆಚ್ಚು ಉಪಯುಕ್ತವಾದೀತು.