ಪಾತ್ರ ಬದಲಾವಣೆ (ವಸ್ತು-ಆಧಾರಿತ ವಿನ್ಯಾಸ)

ವಸ್ತು-ಆಧಾರಿತ ವಿನ್ಯಾಸದಲ್ಲಿ ಆಬ್ಜೆಕ್ಟ್ ಒಂದು ತನ್ನ ಗುರುತನ್ನು ಉಳಿಸಿಕೊಂಡೇ ಹೊಸ ಹೊಣೆಯನ್ನು ಪಡೆಯುವುದನ್ನು ಅಥವಾ ಹಳೆಯದನ್ನು ಕಳೆದುಕೊಳ್ಳುವುದನ್ನು ಪಾತ್ರ ಬದಲಾವಣೆ ಎನ್ನಬಹುದು. ಜಾವಾ, ಸಿ ಪ್ಲಸ್ ಪ್ಲಸ್ ಮುಂತಾದ ಭಾಷೆಗಳಲ್ಲಿ ಆಬ್ಜೆಕ್ಟಿನ ವರ್ಗವು ಸೃಷ್ಟಿಯ ವೇಳೆಗೇ ನಿಶ್ಚಿತವಾಗುತ್ತದೆ. ಕಾಮನ್ ಲಿಸ್ಪ್‌ನಲ್ಲಿ ಅದನ್ನು ಮುಂದೆ ಬದಲಿಸಲು ಅವಕಾಶವಿದೆ. ದತ್ತಾಂಶ ಮಾದರಿಗಳಲ್ಲಿ ಪಾತ್ರದ ಪರಿಕಲ್ಪನೆಯನ್ನು ಚಾರ್ಲ್ಸ್ ಬ್ಯಾಕ್‌ಮನ್ ಮತ್ತು ಮನಿಲಾಲ್ ದಯಾ 1977ರಲ್ಲಿ ಮಂಡಿಸಿದರು.

ಕರ್ನಾಟಕದ ಊರುಗಳ ಮಾಹಿತಿಕೋಶವೊಂದರಲ್ಲಿ 'ತಾಲ್ಲೂಕು ಕೇಂದ್ರ', 'ಜಿಲ್ಲಾ ಕೇಂದ್ರ' ಎಂಬ ಎರಡು ಉಪವರ್ಗಗಳಿವೆ ಎಂದುಕೊಳ್ಳೋಣ. ಮೈಸೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿದ್ದ ಚಾಮರಾಜನಗರವು 1997ರಲ್ಲಿ ಹೊಸ ಜಿಲ್ಲೆಯ ಕೇಂದ್ರವಾಯಿತು. ಹಳೆಯ ಆಬ್ಜೆಕ್ಟನ್ನು ಅಳಿಸಿ ಹೊಸದನ್ನು ಸೃಷ್ಟಿಸಿದರೆ ಹಿಂದಿನ ದಾಖಲೆಗಳ ಕೊಂಡಿಗಳು ಕಡಿದುಹೋಗುತ್ತವೆ. ಮೇಲಾಗಿ ಪಟ್ಟಣವು ತಾಲ್ಲೂಕು ಕೇಂದ್ರವಾಗಿಯೂ ಮುಂದುವರಿದಿರುವುದರಿಂದ ಅದು ಏಕಕಾಲಕ್ಕೆ ಎರಡೂ ಉಪವರ್ಗಗಳಿಗೆ ಸೇರಬೇಕಾಗುತ್ತದೆ. ಆದ್ದರಿಂದ 'ಊರು' ಎಂಬ ಒಂದೇ ವರ್ಗವನ್ನಿರಿಸಿ, ಪ್ರತಿ ಪಾತ್ರವನ್ನೂ ಆರಂಭ ಹಾಗೂ ಮುಕ್ತಾಯದ ದಿನಾಂಕಗಳುಳ್ಳ ಪ್ರತ್ಯೇಕ ಆಬ್ಜೆಕ್ಟಾಗಿ ಅದಕ್ಕೆ ಜೋಡಿಸುವುದು ಸೂಕ್ತ. ಹೆಸರಿಗೂ ಇದೇ ಕ್ರಮ ಹೊಂದುತ್ತದೆ: ಅರಿಕುಠಾರ ಎಂಬ ಊರು ಚಾಮರಾಜನಗರವೆನಿಸಿದ್ದು 1818ರಲ್ಲಿ.

ಗುಂಡ್ಲುಪೇಟೆಯ ಸಂಗತಿ ಬೇರೆ. ಅದು ಅಂದೂ ಇಂದೂ ತಾಲ್ಲೂಕು ಕೇಂದ್ರವೇ; ಬದಲಾದದ್ದು ಅದು ಸೇರಿದ ಜಿಲ್ಲೆ ಮಾತ್ರ. ಇದಕ್ಕೂ ಹೊಸ ಪಾತ್ರವನ್ನು ಸೃಷ್ಟಿಸುವುದು ಅನಗತ್ಯ ತೊಡಕು. ಜಿಲ್ಲೆಯ ಕೊಂಡಿಗೆ ದಿನಾಂಕ ಸೇರಿಸಿದರೆ 1990ರ ದಾಖಲೆಯು ಸರಿಯಾಗಿಯೇ ಮೈಸೂರು ಜಿಲ್ಲೆಯನ್ನು ತೋರಿಸುತ್ತದೆ.

ಪಾತ್ರಗಳನ್ನು ಹೀಗೆ ಬೇರ್ಪಡಿಸಿದಾಗ ತೆರಬೇಕಾದ ಬೆಲೆಯೂ ಇದೆ: ಊರೊಂದು ಜಿಲ್ಲಾ ಕೇಂದ್ರವೇ ಎಂಬುದನ್ನು ಕಂಪೈಲರ್ ಮುಂಚಿತವಾಗಿ ಪರಿಶೀಲಿಸಲಾರದು, ಪ್ರೋಗ್ರಾಂ ನಡೆಯುವಾಗಲೇ ವಿಚಾರಿಸಬೇಕಾಗುತ್ತದೆ.