ಉಚಿತ ಲಸಿಕೆಯ ವೆಚ್ಚ

ಶಿಶುಗಳಿಗೆ ಹಾಕಿಸತಕ್ಕ ಲಸಿಕೆಗಳನ್ನು ನಮ್ಮ ದೇಶದಲ್ಲಿ ಎರಡು ಕಡೆ ಪಡೆಯಬಹುದು: ಖಾಸಗಿ ಚಿಕಿತ್ಸಾಲಯಗಳಲ್ಲಿ ಹಣ ತೆತ್ತು, ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಹಣವಿಲ್ಲದೆ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಕ್ಷಯ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ ಇವುಗಳ ಲಸಿಕೆಗಳು ಮೊದಲು ಸೇರಿದ್ದವು. ಖಾಸಗಿಯಾಗಿ ಪ್ರತಿ ಸಲಕ್ಕೂ ಸಾವಿರಾರು ರೂಪಾಯಿ ಬೀಳುವ ನ್ಯುಮೋಕಾಕಸ್ ಲಸಿಕೆಯು 2021ರಲ್ಲಿ ದೇಶದಾದ್ಯಂತ ಈ ಪಟ್ಟಿಗೆ ಬಂದಿತು. ಇದನ್ನರಿಯದೆ ಸಾಲಮಾಡಿ ಹಣ ತೆರುವ ಗೃಹಸ್ಥರಿದ್ದಾರೆ. ಉಚಿತವಾದುದು ಕೀಳೆಂಬ ಭಾವನೆಗೆ ಆಧಾರವಿಲ್ಲ.

ಹಾಗಾದರೆ ಬಡವರ ಕೆಲವು ಮಕ್ಕಳು ಇದರಿಂದ ವಂಚಿತರಾಗುವುದೇಕೆ? ಕಾರಣಗಳು ಹಲವಾದರೂ, ಒಂದು ಕಾರಣ ಔಷಧದ ಸೀಸೆಯಲ್ಲಿಯೇ ಅಡಗಿದೆ. ಕ್ಷಯನಿರೋಧಕ ಬಿಸಿಜಿ ಲಸಿಕೆಯು ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದರೆ ಒಂದು ಸೀಸೆ ಹತ್ತು ಶಿಶುಗಳಿಗೆ ಸಾಕು. ಆದರೆ ಬೆರೆಸಿದ ನಾಲ್ಕು ಗಂಟೆಗಳ ತರುವಾಯ ಅದನ್ನು ಬಳಸಕೂಡದು. ದಡಾರ-ರುಬೆಲ್ಲಾ ಲಸಿಕೆಗೂ ಇದೇ ನಿಯಮ. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ದ್ರವರೂಪದ್ದು. ಅದನ್ನು ತೆರೆದ ಮೇಲೂ 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ಶೈತ್ಯದಲ್ಲಿಟ್ಟರೆ 28 ದಿನಗಳವರೆಗೆ ಉಪಯೋಗಿಸಬಹುದು.

ಒಂದೇ ಮಗುವಿಗಾಗಿ ಸೀಸೆ ತೆರೆದರೆ ಉಳಿದುದೆಲ್ಲ ವ್ಯರ್ಥವಾಗುವುದರಿಂದಲೂ, ಹಿಮದ ಪೊಟ್ಟಣಗಳಿರುವ ಪೆಟ್ಟಿಗೆಯಲ್ಲಿ ಲಸಿಕೆಯನ್ನು ಹಳ್ಳಿಗೆ ಒಯ್ಯಬೇಕಾದುದರಿಂದಲೂ ಮಕ್ಕಳನ್ನು ಗೊತ್ತಾದ ದಿನ ಒಟ್ಟುಗೂಡಿಸುವ ಪದ್ಧತಿ ಬೆಳೆದಿದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಆ ದಿನ ಗುರುವಾರ. ಆಡಳಿತದ ದೃಷ್ಟಿಯಿಂದ ಇದು ಯುಕ್ತವೇ ಸರಿ. ಕೂಲಿಯ ಹೆಣ್ಣುಮಗಳಿಗೆ ಮಾತ್ರ ಆ ಗುರುವಾರ ಒಂದು ದಿನದ ಸಂಪಾದನೆಯನ್ನು ಕಳೆಯುತ್ತದೆ. ದೂರದವಳಾದರೆ ಬಸ್ಸಿನ ಖರ್ಚೂ ಸೇರುತ್ತದೆ. ಶುಕ್ರವಾರ ಬಂದವಳನ್ನು "ಮುಂದಿನ ವಾರ ಬಾ" ಎಂದು ಕಳುಹಿಸಿದರೆ ಆಕೆ ಮತ್ತೆ ಬರುವಳೆಂಬ ಭರವಸೆಯೇನು? ಚೆಲ್ಲಿದ ಔಷಧದ ಲೆಕ್ಕ ದಾಖಲೆಯಲ್ಲಿ ಸಿಕ್ಕುತ್ತದೆ, ಹಿಂದಿರುಗಿದ ತಾಯಿಯ ಲೆಕ್ಕ ಸಿಕ್ಕುವುದಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ, ಅಂಥ ಸಂದರ್ಭದಲ್ಲಿ ಒಂದು ಮಗುವಿಗಾಗಿಯಾದರೂ ಸೀಸೆ ತೆರೆಯುವುದೇ ಲೇಸು.

2014ರ ಡಿಸೆಂಬರಿನಲ್ಲಿ ಆರಂಭಿಸಿದ ಇಂದ್ರಧನುಷ್ ಅಭಿಯಾನವು ಇಟ್ಟಿಗೆ ಗೂಡುಗಳಿಗೂ ಕಟ್ಟಡ ಕಟ್ಟುವ ಸ್ಥಳಗಳಿಗೂ ಲಸಿಕೆಯನ್ನು ಒಯ್ಯುವ ಉದ್ದೇಶದ್ದು. ಗುಳೆ ಹೋಗುವ ಕುಟುಂಬಗಳು ತಾಯಿ ಕಾರ್ಡನ್ನು ಜೊತೆಯಲ್ಲಿಟ್ಟುಕೊಂಡರೆ, ಹೋದೆಡೆಯಲ್ಲಿಯೇ ಮುಂದಿನ ಲಸಿಕೆ ಹಾಕಿಸಬಹುದು. ಪೆಂಟಾವೇಲೆಂಟಿನ ಮೂರು ಸರದಿಗಳಲ್ಲಿ ಒಂದಾಗಿ ನಿಂತುಹೋಗಿದ್ದರೂ ಪುನಃ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಎರಡನೆಯದರಿಂದ ಮುಂದುವರಿಸಿದರೆ ಸಾಕು.