ಬಿಸಿಲಿನಲ್ಲಿಯ ಕಪ್ಪುಗೆರೆಗಳು

ನಮ್ಮ ವಿಜ್ಞಾನದ ಕೊಠಡಿಯಲ್ಲಿರುವ ಚಿಕ್ಕ ವರ್ಣಪಟಲದರ್ಶಕವನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮರೆತಿರಲಾರರು. ಅದು ಅಂಗೈಯಲ್ಲಿ ಹಿಡಿಯಬಹುದಾದ ಹಿತ್ತಾಳೆಯ ಕೊಳವೆ. ಒಂದು ತುದಿಯಲ್ಲಿ ಬಹು ಕಿರಿದಾದ ಸೀಳು, ಒಳಗೆ ಗಾಜಿನ ಪಟ್ಟಕಗಳು. ಇದನ್ನು ನೇರವಾಗಿ ಸೂರ್ಯನ ಕಡೆಗೆ ಎಂದಿಗೂ ಹಿಡಿಯತಕ್ಕದ್ದಲ್ಲ, ಕಣ್ಣಿಗೆ ಅಪಾಯವುಂಟು. ಬಿಸಿಲು ಬಿದ್ದ ಬಿಳಿಯ ಕಾಗದವನ್ನು ನೋಡಿದರೆ ಸಾಕು. ಕೆಂಪಿನಿಂದ ಊದಾವರೆಗಿನ ಬಣ್ಣಗಳ ಪಟ್ಟಿಯೂ, ಅದಕ್ಕೆ ಅಡ್ಡಲಾಗಿ ನಿಂತಿರುವ ಕಪ್ಪುಗೆರೆಗಳೂ ಕಾಣುವವು.

ಜರ್ಮನಿಯ ಫ್ರೌನ್‌ಹೋಫರನು 1814ರಲ್ಲಿ ಇಂಥ 500ಕ್ಕೂ ಹೆಚ್ಚು ಗೆರೆಗಳನ್ನು ಎಣಿಸಿ, ಮುಖ್ಯವಾದವುಗಳಿಗೆ ಎ, ಬಿ, ಸಿ ಎಂದು ಅಕ್ಷರಗಳನ್ನಿಟ್ಟನು. ಅವುಗಳ ಅರ್ಥವನ್ನು 1859ರಲ್ಲಿ ಕಿರ್ಖಾಫನು ತಿಳಿಯಪಡಿಸಿದನು. ಗ್ಯಾಸ್ ಒಲೆಯ ನೀಲಿ ಉರಿಗೆ ಉಪ್ಪುನೀರು ಸಿಡಿದರೆ ಹಳದಿ ಬೆಳಕು ಏಳುವುದನ್ನು ತಾಯಂದಿರೆಲ್ಲರೂ ಕಂಡಿರುವರು. ಅದು ಸೋಡಿಯಂ ಎಂಬ ಧಾತುವಿನದು. ಈ ಧಾತುವಿನ ಆವಿಯು ತನಗಿಂತ ಕಾವುಳ್ಳ ಬೆಳಕಿಗೆ ಅಡ್ಡವಾದರೆ, ತಾನು ಸೂಸುವ ಆ ಹಳದಿಯನ್ನೇ ಹೀರಿಕೊಳ್ಳುತ್ತದೆ. ಸೂರ್ಯನ ಹೊರಪದರದಲ್ಲಿ ಈ ಆವಿಯು ಇರುವುದರಿಂದಲೇ 589 ನ್ಯಾನೊಮೀಟರಿನ ಹತ್ತಿರ ಡಿ ಎಂಬ ಜೋಡಿಗೆರೆಯುಂಟಾಗಿದೆ. ನಮ್ಮ ಕೊಳವೆಯಲ್ಲಿ ಎರಡೂ ಕೂಡಿ ಒಂದೇ ಆಗಿ ಕಾಣುತ್ತವೆ.

ಇಷ್ಟನ್ನು ಕಲಿಸಿ, ಕಪ್ಪುಗೆರೆಗಳೆಲ್ಲವೂ ಸೂರ್ಯನವೇ ಎಂದು ನಾವು ಹೇಳಿಬಿಟ್ಟಿದ್ದೆವು. ಒಂದು ಮಳೆಗಾಲದಲ್ಲಿ ಹುಡುಗಿಯೊಬ್ಬಳು ಮಧ್ಯಾಹ್ನದ ಚಿತ್ರವೊಂದನ್ನೂ ಸಂಜೆಯ ಚಿತ್ರವೊಂದನ್ನೂ ಬರೆದು ತಂದಳು. ಸಂಜೆಯದರಲ್ಲಿ ಡಿ ಗೆರೆಯ ಕೆಂಪು ಮಗ್ಗುಲಿಗೆ ಕಾಡಿಗೆ ಒರೆಸಿದಂತಹ ಮಬ್ಬು ಇತ್ತು. ಅಜಾಗರೂಕತೆಯೆಂದು ತಿಳಿದು ನಾವು ಅದರ ಮೇಲೆ ಕೆಂಪು ಶಾಯಿಯ ಗೀಟು ಎಳೆದೆವು. ಅವಳು ಎದುರು ಮಾತನಾಡಲಿಲ್ಲ. ಮರುದಿನ ಸಂಜೆ ಕೊಳವೆಯನ್ನು ತಂದು ನಮ್ಮ ಕೈಯಲ್ಲಿಟ್ಟಳು. ಮಬ್ಬು ಅಲ್ಲಿಯೇ ಇತ್ತು!

ಅದು ಸೂರ್ಯನದಲ್ಲ, ನಮ್ಮ ಗಾಳಿಯಲ್ಲಿಯ ನೀರಾವಿಯದು. ನಡುನೆತ್ತಿಯಿಂದ ಬರುವ ಕಿರಣವು ಗಾಳಿಯನ್ನು ನೆಟ್ಟಗೆ ದಾಟುತ್ತದೆ. ಸಂಜೆಯ ಕಿರಣವು ಓರೆಯಾಗಿ ಬರಬೇಕು. ಸೂರ್ಯನು ದಿಗಂತದಿಂದ 10 ಡಿಗ್ರಿ ಮೇಲಿರುವಾಗ ಗಾಳಿಯೊಳಗಿನ ದಾರಿಯು ಐದೂವರೆ ಪಟ್ಟಿನಷ್ಟಾಗುತ್ತದೆ. ಆದುದರಿಂದ ಗಾಳಿಯ ಗೆರೆಗಳು ಸಂಜೆಗೆ ಕಪ್ಪೇರುವವು. ಸೂರ್ಯನ ಸ್ವಂತ ಗೆರೆಗಳು ಹಾಗೆ ಏರುವುದಿಲ್ಲ. ಫ್ರೌನ್‌ಹೋಫರನು ಹೆಸರಿಟ್ಟ ಎ ಮತ್ತು ಬಿ ಗೆರೆಗಳು ಸಹ ನಾವು ಉಸಿರಾಡುವ ಆಮ್ಲಜನಕದವೇ. ಹುಡುಗಿಯು ಕಂಡ ಮಬ್ಬಿಗೆ ಮಳೆಪಟ್ಟಿ ಎಂಬ ಹೆಸರುಂಟು. ಸ್ಕಾಟ್ಲೆಂಡಿನ ಖಗೋಳಜ್ಞ ಪಿಯಾಜಿ ಸ್ಮಿತ್ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ನೋಡಿ ಮಳೆಯ ಮುನ್ಸೂಚನೆ ಹೇಳಲು ಯತ್ನಿಸಿದ್ದರು.

ಆ ಚಿತ್ರವು ನಮ್ಮ ಕೆಂಪು ಗೀಟಿನ ಸಮೇತ ಕೊಠಡಿಯ ಗೋಡೆಯ ಮೇಲಿದೆ. ಮಳೆ ಬಿಟ್ಟು ಬಿಸಿಲು ಬಂದ ಯಾವ ಸಂಜೆಯಾದರೂ ಪಾಲಕರು 5 ಗಂಟೆಯ ಮೇಲೆ ಬಂದರೆ ಕೊಳವೆಯನ್ನು ಸಂತೋಷದಿಂದ ಕೊಡುವೆವು.